ಗುಂಪಾಗಿ ತಗೊಂಡ್ರೆ 18 ಪರ್ಸೆಂಟು

ಹೆಲ್ತ್ ಇನ್ಶೂರೆನ್ಸ್ ಮೇಲಿನ ಜಿಎಸ್‌ಟಿ ಸೊನ್ನೆ ಆಯ್ತು ಅಂತ 2025ರ ಸೆಪ್ಟೆಂಬರ್ 22ಕ್ಕೆ ಎಲ್ರೂ ಸ್ಟೇಟಸ್ ಹಾಕ್ಕೊಂಡು ಕುಣಿದ್ರಲ್ಲ, ಅದ್ರಲ್ಲಿ ನಮ್ಮ ಟ್ರಸ್ಟಿನ ಖಜಾಂಚಿಗಳೂ ಇದ್ರು. ಪಾಪ, ರಿಟೈರ್ಡ್ ಮೇಷ್ಟ್ರು, ಪೇಪರಲ್ಲಿ ಬಂದಿದ್ದನ್ನ ಪೂರ್ತಿ ನಂಬೋ ಕಾಲದೋರು. ನಮ್ಮದು ವಿಶೇಷ ಮಕ್ಕಳ ಒಂದು ಸಣ್ಣ ಶಾಲೆ. ಟೀಚರ್ಸು, ಆಯಾಗಳು, ಅಡುಗೆಯಮ್ಮ, ವ್ಯಾನ್ ಡ್ರೈವರು ಎಲ್ಲಾ ಸೇರಿದ್ರೂ ಹತ್ತು ಜನ ಆಗಲ್ಲ, ಆದ್ರಿಂದ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ ಇಎಸ್‌ಐ ನಮ್ಮ ಕಡೆ ತಿರುಗಿ ನೋಡಲ್ಲ, ಅದಕ್ಕೇ ಎಲ್ರಿಗೂ ಸೇರಿಸಿ ಒಂದು ಗ್ರೂಪ್ ಹೆಲ್ತ್ ಪಾಲಿಸಿ. ರಿನ್ಯೂವಲ್ ಕೊಟೇಶನ್ ಬಂತು, ನೋಡಿದ್ರೆ ಕೆಳಗಡೆ 18 ಪರ್ಸೆಂಟು ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತಿದೆ. ಏಜೆಂಟ್‌ಗೆ ಫೋನ್ ಮಾಡಿದ್ರೆ, "ಸೊನ್ನೆ ಇರೋದು ಇಂಡಿವಿಜುವಲ್ ಪಾಲಿಸಿಗೆ ಸಾರ್, ಇಡೀ ಮನೆಗೆ ಒಂದೇ ಪಾಲಿಸಿ ಇರೋ ಫ್ಯಾಮಿಲಿ ಫ್ಲೋಟರ್‌ಗೆ. ಗ್ರೂಪಿಗೆ ಅನ್ವಯ ಆಗಲ್ಲ."

ಎಂಥಾ ಸೂಕ್ಷ್ಮ ನ್ಯಾಯ ನೋಡಿ. ಗಂಡ ಹೆಂಡ್ತಿ ಇಬ್ರೂ ಸಾಫ್ಟ್‌ವೇರಲ್ಲಿದ್ದು ಒಂದು ಕೋಟಿ ಕವರ್ ತಗೊಂಡ್ರೆ ತೆರಿಗೆ ಇಲ್ಲ, ಮಕ್ಕಳ ಡೈಪರ್ ಬದಲಾಯ್ಸೋ ಆಯಾಗೆ ಟ್ರಸ್ಟು ಎರಡು ಲಕ್ಷದ ಕವರ್ ಮಾಡಿಸಿದ್ರೆ 18 ಪರ್ಸೆಂಟ್ ಕಟ್ಬೇಕು. ಹಂಗಾದ್ರೆ ಒಬ್ಬೊಬ್ರ ಹೆಸ್ರಲ್ಲೇ ಮಾಡ್ಸಿಬಿಡೋಣ ಅಂದ್ವಿ. ಆಯಾಗೆ ಶುಗರ್ ಇದೆ, ಅಡುಗೆಯಮ್ಮನಿಗೆ ಬಿಪಿ. ಇಂಡಿವಿಜುವಲ್ ಪಾಲಿಸಿಲಿ ಮೊದ್ಲೇ ಇರೋ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಮುಂಚೆ ನಾಲ್ಕಿತ್ತು, 2024ರಲ್ಲಿ ದೊಡ್ಡ ಮನಸ್ಸು ಮಾಡಿ ಇಳಿಸಿದ್ರು. ಗ್ರೂಪಲ್ಲಾದ್ರೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸಿಗುತ್ತೆ. ಅಂದ್ರೆ ತೆರಿಗೆ ಉಳಿಸ್ಬೇಕು ಅಂದ್ರೆ ಆಯಾ ತನ್ನ ಶುಗರ್‌ಗೆ ಮೂರು ವರ್ಷ ಸುಮ್ನಿರು ಅಂತ ಹೇಳ್ಬೇಕು.

ಇನ್ನು ವಾಲಂಟಿಯರ್ಸ್ ಕಥೆ. ಶನಿವಾರ ಶನಿವಾರ ಕಾಲೇಜ್ ಹುಡುಗ್ರು ಬಂದು ಮಕ್ಕಳನ್ನ ಆಟ ಆಡಿಸ್ತಾರೆ, ಗೋಡೆಗೆ ಬಣ್ಣ ಹೊಡೀತಾರೆ, ಏಣಿ ಹತ್ತುತಾರೆ. ಬಿದ್ರೆ ಯಾರು ಹೊಣೆ? ಕಾರ್ಮಿಕರ ಪರಿಹಾರದ ಪಾಲಿಸಿ ಇದೆ, ಅದ್ರ ಪ್ರೀಮಿಯಂ ಲೆಕ್ಕ ಹಾಕೋದು ಸಂಬಳದ ಮೇಲೆ. ಇವ್ರ ಸಂಬಳ ಸೊನ್ನೆ. "ಸೊನ್ನೆ ಅಂದ್ರೆ ಸಿಸ್ಟಮ್ ತಗೊಳಲ್ಲ ಸಾರ್, ಏನಾದ್ರೂ ಒಂದು ಫಿಗರ್ ಹಾಕಿ" ಅಂದ ಏಜೆಂಟು. ಫಿಗರ್ ಹಾಕಿದ್ರೆ ನಾಳೆ ಆಡಿಟರ್ ಬಂದು ಈ ಸಂಬಳ ಯಾವಾಗ ಕೊಟ್ರಿ ಅಂತಾರೆ. ಹಾಕ್ದೇ ಇದ್ರೆ ಹುಡ್ಗ ಏಣಿಯಿಂದ ಬಿದ್ದಿದ್ದೇ ಸುಳ್ಳು, ಯಾಕಂದ್ರೆ ಕಾಗದದ ಪ್ರಕಾರ ಅವನು ಅಲ್ಲಿರ್ಲೇ ಇಲ್ಲ.

ಇದೇ ಮಾತು ಕಮಿಟಿ ಮೀಟಿಂಗಲ್ಲಿ ಎತ್ತಿದ್ರೆ ಒಬ್ಬ ಸದಸ್ಯರು, "ಮುಂಬೈಲಿ ಗಣಪತಿಗೇ 474 ಕೋಟಿ ಇನ್ಶೂರೆನ್ಸ್ ಮಾಡ್ಸಿದ್ದಾರಂತೆ, ನಾವು ಎಂಟು ಜನಕ್ಕೆ ಪರದಾಡ್ತಿದ್ದೀವಿ" ಅಂದ್ರು. ಕಿಂಗ್ಸ್ ಸರ್ಕಲ್ಲಿನ ಜಿಎಸ್‌ಬಿ ಸೇವಾ ಮಂಡಲದ್ದು, ನಮ್ಮ ಕರಾವಳಿ ಮೂಲದ ಕೊಂಕಣಿಗರದ್ದೇ, 2025ರಲ್ಲಿ ಎಲ್ಲಾ ಚಾನೆಲ್‌ಗಳೂ ಬಾಯಿ ಬಡ್ಕೊಂಡ ಸುದ್ದಿ. ಆದ್ರೆ ಲೆಕ್ಕ ಬಿಡಿಸಿ ನೋಡಿದ್ರೆ ಗಣಪನ ಚಿನ್ನ ಬೆಳ್ಳಿಗೆ ಇದ್ದಿದ್ದು 67 ಕೋಟಿ ಮಾತ್ರ. 375 ಕೋಟಿ ಇದ್ದಿದ್ದು ಮನುಷ್ಯರ ಮೇಲೆ: ಸ್ವಯಂಸೇವಕರು, ಪುರೋಹಿತರು, ಅಡುಗೆಭಟ್ರು, ಸೆಕ್ಯುರಿಟಿ, ಚಪ್ಪಲಿ ಕಾಯೋರು ಎಲ್ರಿಗೂ ಅಪಘಾತ ವಿಮೆ. ಅದ್ರ ಮೇಲೆ, ನೋಡೋಕೆ ಬರೋ ಜನಕ್ಕೆ ಏನಾದ್ರೂ ಆದ್ರೆ ಅಂತ 30 ಕೋಟಿ ಪಬ್ಲಿಕ್ ಲಯಬಿಲಿಟಿ. ಚಪ್ಪಲಿ ಕಾಯೋನ ಜೀವಕ್ಕೂ ಒಂದು ಸಾಲು ಬರೆದ ಕಮಿಟಿ ಅದು, ನಮ್ಮ ಹೆಡ್‌ಲೈನ್‌ನೋರಿಗೆ ಕಂಡಿದ್ದು ಗಣಪನ ಕಿರೀಟ ಮಾತ್ರ. ನಿಜ ಹೇಳ್ಬೇಕಂದ್ರೆ ನಂಗೆ ಹೊಟ್ಟೆ ಉರೀತು.

ಯಾಕಂದ್ರೆ ಅದೇ ವರ್ಷ ಸೆಪ್ಟೆಂಬರಲ್ಲಿ ಹಾಸನದ ಮೊಸಳೆಹೊಸಹಳ್ಳಿಲಿ ಗಣಪತಿ ಮೆರವಣಿಗೆ ಮೇಲೆ ಲಾರಿ ನುಗ್ತು. ಸತ್ತೋರಲ್ಲಿ ಇಂಜಿನಿಯರಿಂಗ್ ಓದ್ತಿದ್ದ ಹುಡುಗ್ರು ಇದ್ರು. ರಾಜ್ಯದಿಂದ 5 ಲಕ್ಷ, ಕೇಂದ್ರದಿಂದ 2 ಲಕ್ಷ ಘೋಷಣೆ ಆಯ್ತು, ಮಂತ್ರಿಗಳು ಬಂದ್ರು ಹೋದ್ರು. ಅದಾದ್ಮೇಲೆ ಯಾವ ಊರಲ್ಲಿ ಏನು ಬದಲಾಯ್ತು ಹೇಳಿ. ಪೆಂಡಾಲಿಗೆ ಪೊಲೀಸ್ ಪರ್ಮಿಷನ್, ಕರೆಂಟಿನೋರ ಪರ್ಮಿಷನ್, ಫೈರ್‌ನೋರ ಪರ್ಮಿಷನ್ ಕೇಳ್ತೀರಿ, ಏನಾದ್ರೂ ಆದ್ರೆ ನೀವೇ ಹೊಣೆ ಅಂತ ಮುಚ್ಚಳಿಕೆ ಬರೆಸ್ಕೊಳ್ತೀರಿ, ಆ ಹೊಣೆ ಹೊರೋಕೆ ಪೆಂಡಾಲ್ ಹಾಕೋ ಹುಡುಗ್ರ ಜೇಬಲ್ಲಿ ಏನಿದೆ ಅಂತ ಒಬ್ಬ ಆಫೀಸರಾದ್ರೂ ಕೇಳಿದ್ನಾ? ಬ್ಯಾಂಕ್ ಅಕೌಂಟ್ ಇದ್ರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ರೆ 2 ಲಕ್ಷ. ಇಪ್ಪತ್ತು ರೂಪಾಯಿ. ನಮ್ಮ ಏರಿಯಾದಲ್ಲಿ ಡಿಜೆಗೆ ಕೊಡೋ ಅಡ್ವಾನ್ಸಲ್ಲೇ ಬೀದಿ ಹುಡುಗ್ರಿಗೆಲ್ಲ ಎಷ್ಟೋ ವರ್ಷ ಕಟ್ಟಬಹುದು. ಯಾರೂ ಕಟ್ಟಲ್ಲ. ಹೇಳಿ ಹೇಳಿ ಸಾಕಾಗಿದೆ, ಹೇಳೋರನ್ನ ಅಪಶಕುನ ಅಂತಾರೆ.

ಇರ್ಲಿ. ನಮ್ಮ ಏಜೆಂಟು ಮಾತ್ರ ಉತ್ಸಾಹಿ, ಬೆಂಕಿ ಪಾಲಿಸಿ ಜೊತೆ 'ಲಾಸ್ ಆಫ್ ಪ್ರಾಫಿಟ್' ಕವರೂ ತಗೊಳ್ಳಿ ಸಾರ್ ಅಂತ ಬಂದಿದ್ದ. ಖಜಾಂಚಿಗಳು ಕನ್ನಡಕ ತೆಗೆದು ಅವನನ್ನೇ ಒಂದು ನಿಮಿಷ ನೋಡಿದ್ರು. ಲಾಭ ಮಾಡಿದ್ರೆ ಇನ್‌ಕಂ ಟ್ಯಾಕ್ಸ್‌ನೋರು ಬರ್ತಾರೆ, ಲಾಭ ಹೋಯ್ತು ಅಂತ ಕ್ಲೈಮ್ ಮಾಡಿದ್ರೆ ಇನ್ನೂ ಬೇಗ ಬರ್ತಾರೆ.

ಕೊನೇಗೆ ಕಳ್ಳತನದ ಪಾಲಿಸಿ. ಮಕ್ಕಳ ಫಿಸಿಯೋಥೆರಪಿ ಸಾಮಾನು ಬೆಲೆ ಬಾಳುತ್ತೆ, ಬೇಕೇ ಬೇಕು. ಅದ್ರಲ್ಲಿರೋ ಷರತ್ತು ಏನಂದ್ರೆ ಕಳ್ಳ ಬಲಪ್ರಯೋಗ ಮಾಡಿ, ಏನಾದ್ರೂ ಒಡೆದು ಮುರಿದು ಒಳಗೆ ಬಂದಿರ್ಬೇಕು, ತೆರೆದ ಬಾಗಿಲಲ್ಲಿ ಸುಮ್ನೆ ನಡ್ಕೊಂಡು ಬಂದು ಎತ್ಕೊಂಡು ಹೋದ್ರೆ ಅದು ಕಳ್ಳತನ ಇರಬಹುದು ಆದ್ರೆ ಪಾಲಿಸಿಗೆ ಸಂಬಂಧ ಇಲ್ಲ. ಪಾಲಿಸಿಲಿ ಬರೆದಿರೋದು ಹಂಗೇ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿಯಾಗಿದೆ. ನಮ್ಮ ಶಾಲೆ ಬಾಗಿಲು ದಿನವಿಡೀ ತೆರೆದೇ ಇರುತ್ತೆ, ವೀಲ್‌ಚೇರ್ ಓಡಾಡ್ಬೇಕಲ್ಲ. ಆದ್ರೆ ರಾತ್ರಿಗೆ ಅಂತ ಹೊಸ ಬೀಗ ತಂದು ಹಾಕಿದ್ದೀವಿ. ಕಳ್ಳ ಮಹಾಶಯರಲ್ಲಿ ಟ್ರಸ್ಟಿನ ಪರವಾಗಿ ವಿನಂತಿ ಇಷ್ಟೇ, ಹಗಲು ಹೊತ್ತು ಬರ್ಬೇಡಿ, ನಕಲಿ ಕೀಲಿನೂ ತರ್ಬೇಡಿ, ದಯವಿಟ್ಟು ಒಡೆದೇ ಬನ್ನಿ, ಇನ್ಶೂರೆನ್ಸ್ ಸರ್ವೇಯರ್ ಫೋಟೋ ತೆಗೆಯೋಕೆ ಗುರುತು ಚೆನ್ನಾಗಿ ಕಾಣೋ ಹಂಗಿರ್ಲಿ.