ಕೈಪಿಡಿ ಕಂಪ್ಯೂಟರಿನೊಳಗೇ ಇದೆಯಲ್ಲ!

ಕರ್ಲ್ (ಇಂಟರ್ನೆಟ್ ವಿಳಾಸಗಳಿಂದ ದತ್ತಾಂಶ ತರುವ, ಕಳಿಸುವ ಕಮಾಂಡು), ಆರ್‌ಸಿಂಕ್ (ಫೋಲ್ಡರುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸಿ ಹೊಂದಿಸುವ ಕಮಾಂಡು) ಬಳಸುವವರು ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ಕಮಾಂಡನ್ನು ಅಂಟಿಸಿಕೊಂಡರೆ ಸಾಕು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಹಾಗೆ ಅಂಟಿಸಿಯೇ ನಾನೊಮ್ಮೆ ಅರ್ಧ ದಿನದ ಕೆಲಸ ಕಳೆದುಕೊಂಡೆ. ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ (/) ಇದ್ದರೆ ಒಳಗಿನ ಫೈಲುಗಳಷ್ಟೇ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ನಾನು ಅಂಟಿಸಿದ್ದರಲ್ಲಿ ಆ ಗೆರೆಯೂ ಇತ್ತು, ಜೊತೆಗೆ ಮೂಲದಲ್ಲಿಲ್ಲದ್ದನ್ನು ತಲುಪುವ ಜಾಗದಿಂದ ಅಳಿಸುವ ಡಿಲೀಟ್ ಆಯ್ಕೆಯೂ ಇತ್ತು. ತಲುಪುವ ಜಾಗದಲ್ಲಿದ್ದ ಬೇರೆ ಫೈಲುಗಳೆಲ್ಲ ಗುಡಿಸಿಹೋದವು! ಇದೆಲ್ಲ ಅದರ ಮ್ಯಾನ್ ಪುಟದಲ್ಲಿ (man ಎಂಬ ಕಮಾಂಡಿನಿಂದ ತೆರೆಯುವ ಕೈಪಿಡಿಯಲ್ಲಿ) ಸ್ಪಷ್ಟವಾಗಿಯೇ ಇದೆ, ಓದಿರಲಿಲ್ಲ ಅಷ್ಟೆ. ಈಗ ಮೊದಲು ಡ್ರೈ ರನ್ (ನಿಜವಾಗಿ ಏನನ್ನೂ ಬದಲಿಸದ ಪ್ರಯೋಗ) ಮಾಡಿ, ಏನೇನು ಅಳಿಯುತ್ತದೆಂದು ನೋಡಿಯೇ ಮುಂದುವರಿಯುತ್ತೇನೆ.

ಮ್ಯಾನ್ ಪುಟ ಉದ್ದ, ನಿಜ. ಆದರೆ ಮೊದಲಿಂದ ಕೊನೆವರೆಗೆ ಓದಿ ಎಂದವರಾರು? ಪುಟ ತೆರೆದು ಓರೆಗೆರೆ ಒತ್ತಿ ಪದ ಟೈಪಿಸಿ, ಎಂಟರ್ ಒತ್ತಿ, ನಂತರ ಎನ್ (n) ಒತ್ತುತ್ತಾ ಹೋದರೆ ಬೇಕಾದಲ್ಲಿಗೆ ತಲುಪುತ್ತೀರಿ.

ಕರ್ಲ್‌ನ ವಿಷಯದಲ್ಲಿ ಇನ್ನೊಂದು ಮಾತು. 2020ರ ನಂತರದ ಆವೃತ್ತಿಗಳಲ್ಲಿ ಬರೀ ಹೆಲ್ಪ್ (--help) ಎಂದರೆ ಮುಖ್ಯವಾದ ಕೆಲವೇ ಆಯ್ಕೆಗಳು ಕಾಣುತ್ತವೆ. ಪೂರ್ತಿ ಪಟ್ಟಿಗೆ ಹೆಲ್ಪ್ ಪಕ್ಕದಲ್ಲಿ ಆಲ್ (all) ಎಂದು ಸೇರಿಸಬೇಕು. ಇದು ಗೊತ್ತಿಲ್ಲದೆ ‘ಆ ಆಯ್ಕೆಯೇ ಇಲ್ಲ’ ಎಂದು ಕೈಚೆಲ್ಲಿದವರನ್ನು ನೋಡಿದ್ದೇನೆ. ಕರ್ಲ್ ಶುರುಮಾಡಿದ ಡೇನಿಯಲ್ ಸ್ಟೆನ್‌ಬರ್ಗ್ ಅವರೇ ಬರೆದ ‘ಎವೆರಿಥಿಂಗ್ ಕರ್ಲ್’ ಪುಸ್ತಕವೂ ಉಚಿತವಾಗಿ ಸಿಗುತ್ತದೆ.

ಅಂದಹಾಗೆ, ಕಂಪ್ಯೂಟರುಗಳ ನಡುವೆ ಫೈಲು ನಕಲಿಸುವ ಎಸ್‌ಸಿಪಿ ಕಮಾಂಡು ಇನ್ನೂ ತನ್ನ ಹಳೆಯ ವಿಧಾನದಲ್ಲೇ ಕೆಲಸ ಮಾಡುತ್ತದೆಂದು ನೀವು ಬರೆದದ್ದು ಹಳೆಯದಾಯಿತು. ಅದನ್ನು ಒಳಗೊಂಡ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ 2022ರ 9.0 ಆವೃತ್ತಿಯಿಂದ ಅದು ಒಳಗೊಳಗೇ ಎಸ್‌ಎಫ್‌ಟಿಪಿ ಎಂಬ ಬೇರೆ ಫೈಲು ವರ್ಗಾವಣೆ ವಿಧಾನ ಬಳಸುತ್ತದೆ. ಹಳೆಯ ಸರ್ವರ್ ತಕರಾರು ಮಾಡಿದರೆ ಹಳೆಯ ವಿಧಾನಕ್ಕೇ ಮರಳಿಸುವ ದೊಡ್ಡಕ್ಷರದ ಓ (-O) ಆಯ್ಕೆ ಕೊಟ್ಟು ನೋಡಿ.