ಸತ್ಯಾಂಶ: ವೀರಗಲ್ಲಿನ ಸೂರ್ಯ-ಚಂದ್ರ ನಿಧಿಯ ಗುರುತಲ್ಲ

ಹಳೆಯ ಕಲ್ಲಿನ ಮೇಲೆ ಸೂರ್ಯ-ಚಂದ್ರರಿದ್ದರೆ ಅಡಿಯಲ್ಲಿ ನಿಧಿಯಿದೆ ಎಂಬ ವಾಟ್ಸಾಪ್ ಸಂದೇಶ ಆಗಾಗ ಬರುತ್ತಿರುತ್ತದೆ. ಇದು ತಪ್ಪು. ಬೆಂಗಳೂರಿನ ಸುತ್ತಮುತ್ತಲಿನ ಇಂಥ ಎಷ್ಟೋ ಕಲ್ಲುಗಳು ಸತ್ತವರ ನೆನಪಿಗೆ ನಿಲ್ಲಿಸಿದವು: ಕಾದಾಡಿ ಮಡಿದವರಿಗೆ ವೀರಗಲ್ಲು, ಸತಿ ಹೋದ ಹೆಂಗಸರಿಗೆ ಮಾಸ್ತಿಕಲ್ಲು. ಸೂರ್ಯ-ಚಂದ್ರರಿರುವತನಕ ಆ ಹೆಸರು ಉಳಿಯಲಿ ಎಂಬುದೇ ಗುರುತಿನ ಆಶಯ.

ನೀವೇ ನೋಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ ಇಲ್ಲವೇ ತುರುಗಳ ಹಿಂಡು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಬಳೆ ತೊಟ್ಟು, ಮೊಣಕೈ ಮಡಚಿ ಎತ್ತಿದ ಕೈಯಿದ್ದರೆ ಮಾಸ್ತಿಕಲ್ಲು. ಅಕ್ಷರ ಸವೆದಿದ್ದರೆ ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸೀಮೆಸುಣ್ಣ ತಿಕ್ಕಬೇಡಿ. ಊರಿನ ಹೆಸರನ್ನು ಶಾಸನಗಳ ಪಾಠಗಳನ್ನು ಸಂಗ್ರಹಿಸಿದ ಗ್ರಂಥಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 1905ರ 9ನೇ ಸಂಪುಟದಲ್ಲಿ ಹುಡುಕಿ. ಬೇಗೂರಿನ ಕಲ್ಲೊಂದರಲ್ಲಂತೂ ‘ಬೆಂಗಳೂರು ಕಾಳಗ’ದ ಪ್ರಸ್ತಾಪವೇ ಇದೆ! ನಿಧಿಗಾಗಿ ಅಗೆದರೆ ಬುಡ ಸಡಿಲಾಗಿ ಕಲ್ಲು ಉರುಳುತ್ತದೆ, ಒಡೆದರೆ ಶಾಸನವೂ ಹೋಯಿತು.