ಸತ್ಯಾಂಶ: ಟಿಬೆಟನ್ ಮಾತ್ರೆಗಳೆಲ್ಲ ಬರೀ ಗಿಡಮೂಲಿಕೆಯಲ್ಲ

‘ನಾಡಿ ಹಿಡಿದರೆ ಸಾಕು, ಎಲ್ಲ ರೋಗ ಗೊತ್ತಾಗುತ್ತದೆ; ಮಾತ್ರೆ ಬರೀ ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ.’ ಬೈಲಕುಪ್ಪೆಯ ಟಿಬೆಟನ್ ಚಿಕಿತ್ಸಾಲಯದ ಹೆಸರಿನಲ್ಲಿ ಓಡಾಡುವ ಈ ಸಂದೇಶದ ಎರಡೂ ಮಾತು ತಪ್ಪು.

ಟಿಬೆಟನ್ ವೈದ್ಯಪದ್ಧತಿಯಾದ ಸೋವಾ ರಿಗ್ಪಾಗೆ ಭಾರತದಲ್ಲಿ 2010ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಲುಂಗ್, ಟ್ರಿಪಾ, ಪೇಕೆನ್ ಎಂಬ ಮೂರರ ಸಮತೋಲನವೇ ಅದರ ತಳಹದಿ. ನಮ್ಮ ವಾತ, ಪಿತ್ತ, ಕಫಗಳಿಗೆ ಹತ್ತಿರದವು. ಪರೀಕ್ಷೆ ಮೂರು ಬಗೆ: ನೋಡುವುದು, ಮುಟ್ಟುವುದು, ಪ್ರಶ್ನೆ ಕೇಳುವುದು. ನೋಡುವುದರಲ್ಲಿ ನಾಲಿಗೆಯ ಜೊತೆಗೆ ಬೆಳಗಿನ ಮೊದಲ ಮೂತ್ರವೂ ಸೇರುತ್ತದೆ. ಅದನ್ನು ಕಡ್ಡಿಯಿಂದ ಕಲಕಿ ಬಣ್ಣ, ಆವಿ, ವಾಸನೆ, ನೊರೆ ಗಮನಿಸುತ್ತಾರೆ. ನಾಡಿಯನ್ನು ಮೂರು ಬೆರಳಿಂದ ಎರಡೂ ಮಣಿಕಟ್ಟಿನಲ್ಲಿ ನೋಡುತ್ತಾರೆ. ಹಿಂದಿನ ರಾತ್ರಿ ಮದ್ಯ ಕುಡಿದಿದ್ದರೆ, ನಿದ್ದೆಗೆಟ್ಟಿದ್ದರೆ ಅದು ದಾರಿ ತಪ್ಪಿಸುತ್ತದೆ ಎಂದು ಆ ಶಾಸ್ತ್ರವೇ ಎಚ್ಚರಿಸುತ್ತದೆ. ರಕ್ತದ ಸಕ್ಕರೆ ಎಷ್ಟೆಂದು ನಾಡಿ ಹೇಳದು.

ಚಿಕಿತ್ಸೆಗೂ ಕ್ರಮವಿದೆ. ಮೊದಲು ಆಹಾರ, ಆಮೇಲೆ ದಿನಚರಿ, ನಂತರ ಔಷಧ, ಕೊನೆಗೆ ಬಾಹ್ಯ ಚಿಕಿತ್ಸೆ. ಮಾತ್ರೆಯೇ ಎಲ್ಲವೂ ಎನ್ನುವವರು ಮೊದಲೆರಡು ಮೆಟ್ಟಿಲನ್ನೇ ಹಾರಿಬಿಡುತ್ತಾರೆ.

ಬಹುಪಾಲು ಮಾತ್ರೆಗಳು ಮೂಲಿಕೆಯವೇ, ನಿಜ. ಆದರೆ ‘ರಿಂಚೆನ್’ ಎಂಬ ಅಮೂಲ್ಯ ಗುಳಿಗೆಗಳಲ್ಲಿ ಲೋಹ, ಖನಿಜಗಳಿರುತ್ತವೆ. ಕೆಲವಕ್ಕೆ ಸಂಸ್ಕರಿಸಿದ ಪಾದರಸವೂ ಸೇರುತ್ತದೆ. ಅವನ್ನು ವೈದ್ಯರನ್ನು ಕೇಳದೆ ನುಂಗಬಾರದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ಅದನ್ನು ಮೊದಲೇ ಹೇಳಬೇಕು. ಬಿಪಿ, ಶುಗರ್ ಮಾತ್ರೆ ನಿಲ್ಲಿಸದೆ, ಅವುಗಳ ಚೀಟಿಯನ್ನು ಟಿಬೆಟನ್ ವೈದ್ಯರಿಗೂ ತೋರಿಸಿ.